ಎರಡನೇ ಲೈನು

ಹತ್ತೊಂಬತ್ತು ವರ್ಷಗಳಲ್ಲಿ ಆರು ರೇಡಿಯೊ ಸ್ಟೇಶನ್ನುಗಳಲ್ಲಿ ಜಾಕಿಯಾಗಿ ಕೆಲಸ ಮಾಡಿದ್ದೇನೆ. ಆರೂ ಕಡೆ ನನಗೆ ಬೇರೆ ಬೇರೆ ಹೆಸರು ಇಟ್ಟರು. ನನ್ನ ಸ್ವಂತ ಹೆಸರು ಕೇಳುಗರ ಬಾಯಲ್ಲಿ ಸಲೀಸಾಗಿ ಹೊರಳುವುದಿಲ್ಲ ಎಂದು ಮೊದಲನೆಯವರು ಒಂದು ಮುದ್ದಿನ ಹೆಸರು ಕೊಟ್ಟರು. ಆ ಹೆಸರು ಸ್ಟೇಶನ್ನಿನ ಆಸ್ತಿಯಂತೆ. ಅದು ಗೊತ್ತಾದದ್ದು ಕೆಲಸ ಬಿಡುವಾಗ. ನನ್ನ ಕುರ್ಚಿಗೆ ಬಂದ ಹೊಸಬ ಮರುದಿನ ಬೆಳಿಗ್ಗೆ ಅದೇ ಹೆಸರಿನಲ್ಲಿ, ನನ್ನದೇ ಧಾಟಿಯಲ್ಲಿ ಊರಿಗೆಲ್ಲ ನಮಸ್ಕಾರ ಹೇಳಿದ. ಚಹಾದಂಗಡಿಯಲ್ಲಿ ಕೂತು ಕೇಳಿದೆ. ಅರ್ಧ ಕುಡಿದ ಕಪ್ಪನ್ನು ಮೇಜಿನ ಮೇಲೆ ಕುಕ್ಕಿ ಎದ್ದು ಬಂದೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ. ಇಲ್ಲಿ ಹೇಳಹೊರಟಿರುವುದರಲ್ಲಿ ಅರ್ಧ ಅದರಿಂದಲೇ ಆದದ್ದು, ಹಾಗಾಗಿ ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಬೆಂಗೇರಿಯಲ್ಲಿ ಅಬ್ಬಾನದು ಬೈಕು, ಸ್ಕೂಟರು ರಿಪೇರಿ ಮಾಡುವ ಗ್ಯಾರೇಜು. ತಗಡಿನ ಮಾಡು, ಮೂಲೆಯಲ್ಲಿ ಗಾಳಿ ತುಂಬುವ ಕಂಪ್ರೆಸರು, ಮೊಳೆಗೆ ತೂಗುಹಾಕಿದ ಒಂದು ರೇಡಿಯೊ. ಅದರ ತಿರುಗಣಿ ಗ್ರೀಸು ಹತ್ತಿ ಜಾರುತ್ತಿತ್ತು, ಹಳೆಯ ಬನಿಯನ್ನಿನ ಚೂರು ಸುತ್ತಿಯೇ ತಿರುಗಿಸಬೇಕು. ಬೈಕಿಗೆ ಏನಾಗಿದೆ ಎಂದು ಅಬ್ಬಾ ಕಣ್ಣಿನಿಂದ ನೋಡುತ್ತಿರಲಿಲ್ಲ. ಇಂಜಿನ್ ಚಾಲೂ ಮಾಡಿಸಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಅದಕ್ಕೆ ಆನಿಸಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡು ಕಣ್ಣು ಮುಚ್ಚುತ್ತಿದ್ದರು. "ಚೈನ್ ಸಡ್ಲ ಆಗೈತ್ರಿ ಒಳಗ," ಎನ್ನುತ್ತಿದ್ದರು. ಬಿಚ್ಚಿ ನೋಡಿದರೆ ಅದೇ ಆಗಿರುತ್ತಿತ್ತು. ಕೆಲಸ ಮುಗಿದ ಮೇಲೆ, ನಟ್ಟು ಬಿಗಿಯುವ ಪಾನಾದಿಂದ ಪೆಟ್ರೋಲ್ ಟ್ಯಾಂಕಿನ ಮೇಲೆ ಎರಡು ಸಲ ಮೆಲ್ಲಗೆ ತಟ್ಟುತ್ತಿದ್ದರು. ಟಕ್, ಟಕ್. ಆಯ್ತು, ಒಯ್ರಿ ಎಂದು ಅದರ ಅರ್ಥ. ಬೆಂಗೇರಿಯ ಗಿರಾಕಿಗಳಿಗೆ ಅದು ಗೊತ್ತಿತ್ತು. ಬಾಯಿ ಬಿಟ್ಟು ಕೇಳದೆ ಚಾವಿ ತೆಗೆದುಕೊಂಡು ಹೊರಡುತ್ತಿದ್ದರು.

ಮನೆಯಲ್ಲಿ ನಾವು ಆಡುವುದು ಉರ್ದು. ಆದರೆ ನಾನು ಮೊದಲ ಸಲ ಮೈಕಿನ ಮುಂದೆ ಕೂತ ದಿನದಿಂದ ಅಬ್ಬಾ ನನ್ನ ಜೊತೆ ಕನ್ನಡದಲ್ಲೇ ಮಾತಾಡತೊಡಗಿದರು.

"ನಿನ್ನ ಅನ್ನ ಕನ್ನಡದಾಗ ಐತಿ. ಮನ್ಯಾಗೂ ಅದನ್ನ ಮಾತಾಡು, ನಾಲಿಗಿ ಸಡ್ಲ ಇರ್ತೈತಿ," ಎಂದರು. ನೋಡುನೋಡುತ್ತ ಅಮ್ಮಿಗೂ ಅದೇ ರೂಢಿಯಾಯಿತು.

ಆ ಮೊದಲ ಸ್ಟೇಶನ್ನು ಹುಬ್ಬಳ್ಳಿಯದೇ. ಬೆಳಗಿನ ಏಳರಿಂದ ಹನ್ನೊಂದರವರೆಗೆ ನನ್ನ ಕಾರ್ಯಕ್ರಮ. ಕಾಲೇಜಿನ ಹುಡುಗಿಯರು ಪತ್ರ ಬರೆಯುತ್ತಿದ್ದರು, ಪಾನ್ ಅಂಗಡಿಯವರು ಧ್ವನಿ ಕೇಳಿಯೇ ಗುರುತು ಹಿಡಿಯುತ್ತಿದ್ದರು, ನಾನು ನೆಲದಿಂದ ಒಂದು ಗೇಣು ಮೇಲೆಯೇ ನಡೆಯುತ್ತಿದ್ದೆ. ಸಂಜೆ ಊಟಕ್ಕೆ ಕೂತಾಗ ಅಬ್ಬಾ ಕೆಳಗೆ ಇಳಿಸುತ್ತಿದ್ದರು.

"ಇವತ್ತ ಎಂಟೂವರಿಗೆ ನಕ್ಕೆಲ್ಲಾ, ಆ ನಗಿ ಖರೇ ಇರಲಿಲ್ಲ."

"ಜಾಹೀರಾತಿನವ್ರು ಅಲ್ಲಿ ನಗಬೇಕಂತ ಹೇಳಿದ್ರಿ ಅಬ್ಬಾ."

"ನಗಬ್ಯಾಡ ಹಂಗ. ಪಿಸ್ಟನ್ ಸವದಂಗ ಕೇಳ್ತೈತಿ."

ಒಂದು ದಿನವೂ ಅವರು ಕಾರ್ಯಕ್ರಮಕ್ಕೆ ಫೋನ್ ಮಾಡಲಿಲ್ಲ. ನೀವೂ ಒಂದು ಹಾಡು ಕೇಳ್ರಿ ಎಂದು ಎಷ್ಟೋ ಸಲ ಗಂಟುಬಿದ್ದೆ. "ಮನ್ಯಾಗ ಸಿಗೋ ಮಗನ ಜೋಡಿ ಫೋನಿನ್ಯಾಗ ಏನ್ ಮಾತಾಡೂದು?" ಎಂದು ರೊಟ್ಟಿ ಮುರಿಯುತ್ತಿದ್ದರು.

ಮೂರು ವರ್ಷಕ್ಕೆ ಆ ಸ್ಟೇಶನ್ನು ಮಾರಾಟವಾಯಿತು. ಕೊಂಡವರಿಗೆ ಹೊಸ ಧ್ವನಿ ಬೇಕಿತ್ತು. ಹಿತ್ತಲ ಗಿಡ ಮದ್ದಲ್ಲ ಎಂಬ ಮಾತನ್ನು ಮಾಡಿದವರು ರೇಡಿಯೊದಲ್ಲಿ ಕೆಲಸ ಮಾಡಿರಬೇಕು. ಪೆಟ್ಟಿಗೆ ಕಟ್ಟಿಕೊಂಡು ಮಂಗಳೂರಿಗೆ ಹೋದೆ. ಅಲ್ಲಿ ನಾನು ಸುಮ್ಮನೆ ಮಾತಾಡಿದರೂ ಜಗಳ ತೆಗೆದ ಹಾಗೆ ಕೇಳಿಸುತ್ತದೆ ಎಂದರು. ಎರಡು ವರ್ಷ ದನಿ ತಗ್ಗಿಸಿ ತಗ್ಗಿಸಿ ನನಗೇ ನನ್ನ ಮಾತು ಕೇಳಿಸದಾಯಿತು. ಆಮೇಲೆ ಮೈಸೂರು. ಅದರ ಮೇಲೆ ಕಲಬುರಗಿ. ಅದಾದ ಮೇಲೆ ದಾವಣಗೆರೆಯಲ್ಲಿ ಇಂಟರ್ನೆಟ್ಟಿನ ಒಂದು ರೇಡಿಯೊ. ಅದನ್ನು ಕೇಳುತ್ತಿದ್ದವರು ಅದರಲ್ಲಿ ಕೆಲಸ ಮಾಡುತ್ತಿದ್ದ ನಾವು ನಾಲ್ವರೇ, ಎಂಟು ತಿಂಗಳಲ್ಲಿ ಬಾಗಿಲು ಹಾಕಿತು. ಪ್ರತಿ ಊರಿನಲ್ಲೂ ಹೊಸ ಹೆಸರು ಹೇಳಿ ಅಭ್ಯಾಸ ಮಾಡಿಕೊಳ್ಳಬೇಕು, ಆ ಊರಿನ ಸರ್ಕಲ್ಲುಗಳ ಹೆಸರು ಬಾಯಿಪಾಠ ಮಾಡಬೇಕು, ಅಲ್ಲೇ ಹುಟ್ಟಿದವನ ಹಾಗೆ ನಟಿಸಬೇಕು. ಹೊರಡುವ ದಿನ ಹೆಸರನ್ನು ಕುರ್ಚಿಯ ಮೇಲೆ ಬಿಟ್ಟು ಬರಬೇಕು. ಕೇಳುಗರಿಗೆ ಹೋಗಿಬರುತ್ತೇನೆ ಎಂದು ಹೇಳಲೂ ಬಿಡುವುದಿಲ್ಲ. ಹೇಳಿದರೆ ಅವರೂ ಹೋದಾರೆಂಬ ಭಯ.

ಮೈಸೂರಿನಲ್ಲಿ ಆದದ್ದನ್ನು ಹೇಳಬೇಕು.

ಅಲ್ಲಿ ಸಂಜೆ ನಾಲ್ಕರಿಂದ ಏಳರವರೆಗೆ ನನ್ನ ಪಾಳಿ. ಹಾಡು ಕೇಳಿ ಫೋನ್ ಮಾಡುವವರನ್ನು ಸರದಿ ಬರುವವರೆಗೆ ಹೋಲ್ಡಿನಲ್ಲಿ ಇಡುತ್ತೇವೆ. ಆಗ ಅವರ ಕಿವಿಗೆ ಬೀಳುವುದು ನಮ್ಮ ಕಾರ್ಯಕ್ರಮವೇ, ರೇಡಿಯೊದಲ್ಲಿ ಬರುತ್ತಿರುವ ಹಾಗೆಯೇ. ಫೋನ್ ಎತ್ತುತ್ತಿದ್ದವನು ಒಂದು ದಿನ ಗಾಜಿನಾಚೆಯಿಂದ ಬಂದು ಹೇಳಿದ:

"ಸಾರ್, ಒಬ್ಬ ವಯಸ್ಸಾದವರು ದಿನಾ ಫೋನ್ ಮಾಡ್ತಾರೆ. ಹಾಡೂ ಕೇಳಲ್ಲ, ಹೆಸರೂ ಹೇಳಲ್ಲ. ಹೋಲ್ಡಲ್ಲಿ ಇಟ್ಬಿಡಿ, ಅಷ್ಟು ಸಾಕು ಅಂತಾರೆ. ಗಂಟೆಗಟ್ಟಲೆ ಲೈನ್ ಬಿಡಲ್ಲ."

ಅವನು ಅದನ್ನು ತನ್ನ ಊರಿನ ಮಾತಿನಲ್ಲಿ ಹೇಳಿದ. ಆ ಮುದುಕರು ಹೇಳಿದ ಹಾಗೆಯೇ ಹೇಳಿದ್ದರೆ ನನಗೆ ತಿಳಿಯುತ್ತಿತ್ತೇನೋ. ಅವತ್ತು ಬೆಳಿಗ್ಗೆಯೇ ಮೇಲಿನವರು ನಿಮಗೆ ಕರೆಗಳೇ ಬರುತ್ತಿಲ್ಲ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿದ್ದರು. ಕರೆ ಎಲ್ಲಿಂದ ಬರಬೇಕು, ಲೈನಿನ ಮೇಲೆ ಯಾರೋ ಚಾಪೆ ಹಾಸಿ ಮಲಗಿದ್ದಾರೆ. ಹಾಡು ಹೋಗುತ್ತಿರುವಾಗ ನಾನೇ ಫೋನ್ ಎತ್ತಿದೆ.

"ಯಾರ್ರೀ ನೀವು? ಕೆಲಸ ಇಲ್ವಾ ನಿಮಗೆ? ದಿನಾ ಬಂದು ಲೈನ್ ತಡೆದುಕೊಂಡು ಕೂತ್ಕೊಳ್ತೀರಲ್ಲ, ನಾಚಿಕೆ ಆಗೋದಿಲ್ವಾ?"

ಆ ಕಡೆ ಎಲ್ಲೋ ಒಂದು ಯಂತ್ರ ಢಕಢಕ ಎನ್ನುತ್ತಿತ್ತು, ಆಮೇಲೆ ಸುಯ್ ಎಂದು ಗಾಳಿ ಬಿಟ್ಟ ಸಪ್ಪಳ. ನಂತರ ಫೋನ್ ಇಟ್ಟರು. ನನಗೆ ಗೆದ್ದಷ್ಟು ಖುಷಿಯಾಯಿತು. ಲೈನಿನ ದೀಪ ಆರಿದ್ದನ್ನು ತೋರಿಸಿ, ನೋಡು, ಹೀಗೆ ಹೇಳಬೇಕು ಎಂದು ಅವನಿಗೆ ಪಾಠ ಮಾಡಿದೆ.

ಅದಕ್ಕೆ ಮೊದಲು ಭಾನುವಾರದ ಫೋನಿನಲ್ಲಿ ಅಬ್ಬಾ ಒಮ್ಮೊಮ್ಮೆ ವಿಚಿತ್ರ ಮಾತಾಡುತ್ತಿದ್ದರು. "ಬುಧವಾರ ಗಂಟಲಾ ಕಟ್ಟಿತ್ತೇನು ನಿಂದು?" ಎನ್ನುತ್ತಿದ್ದರು. "ಮೊನ್ನೆ ಭಾಳ ಖುಷಿಲೇ ಇದ್ದಿ." ನಾನೂರು ಕಿಲೋಮೀಟರ್ ದೂರಕ್ಕೆ ಎಫ್ಎಂ ಹೋಗುವುದಿಲ್ಲ. ಹೆತ್ತವರಿಗೆ ಹೇಗೋ ತಿಳಿಯುತ್ತದೆ, ಕರುಳಿನ ಮಾತು ಎಂದುಕೊಂಡಿದ್ದೆ. ಅಂಥ ದೊಡ್ಡ ದೊಡ್ಡ ಮಾತುಗಳನ್ನು ನಂಬುವುದೂ ನಮ್ಮ ವೃತ್ತಿಯ ಒಂದು ರೋಗ. ನಾನು ಲೈನು ಬಿಡಿಸಿದ ಆ ದಿನದ ನಂತರ ಅಬ್ಬಾ ಅಂಥದ್ದನ್ನು ಹೇಳುವುದು ನಿಂತಿತು. ಊಟ ಛಲೋ ಸಿಗತೈತೇನು ಎಂದಷ್ಟೇ ಕೇಳುತ್ತಿದ್ದರು. ಯಾಕೆಂದು ನನಗೆ ಹೊಳೆಯಲಿಲ್ಲ.

ಹೊಳೆದದ್ದು ದಾವಣಗೆರೆಯಿಂದ ಓಡಿ ಬಂದಾಗ. ಅಬ್ಬಾಗೆ ಪಾರ್ಶ್ವವಾಯು ಹೊಡೆದಿತ್ತು. ಬಲಗೈ, ಬಲಗಾಲು ಬಿದ್ದುಹೋಗಿದ್ದವು, ಮಾತು ಪೂರ್ತಿ ನಿಂತಿತ್ತು. ಕಿವಿಗೆ ಏನೂ ಆಗಿರಲಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಅಮ್ಮಿ ಎಲ್ಲಿಂದಲೋ ಮಾತು ತೆಗೆದರು. ಒಮ್ಮೆ ಯಾವುದೋ ಸುದ್ದಿ ಹೇಳಲು ಅಬ್ಬಾ ಮೈಸೂರಿನ ಸ್ಟೇಶನ್ನಿಗೇ ಫೋನ್ ಹಚ್ಚಿದ್ದರಂತೆ. ಅವರು ಹೋಲ್ಡಿನಲ್ಲಿ ಇಟ್ಟರಂತೆ. ಫೋನಿನಲ್ಲಿ ಮಗನ ಧ್ವನಿ ಬಂತಂತೆ. ಅಂದಿನಿಂದ ದಿನಾ ನಾಲ್ಕು ಗಂಟೆಗೆ ಗ್ಯಾರೇಜಿನಲ್ಲಿ ಫೋನ್ ಹಚ್ಚಿ, ಕಿವಿ ಮತ್ತು ಭುಜದ ನಡುವೆ ಸಿಗಿಸಿಕೊಂಡು ಕೆಲಸ ಮಾಡುತ್ತಿದ್ದರಂತೆ.

"ಒಂದಿನ ಯಾರೋ ಬೈದ್ರಂತ. ಅವತ್ತಿಗೆ ಬಿಟ್ರು," ಎಂದರು ಅಮ್ಮಿ.

"ಯಾರು ಅಂತ ಹೇಳಲಿಲ್ಲೇನು?"

ಅಮ್ಮಿ ನನ್ನ ಮುಖವನ್ನೇ ನೋಡಿದರು. "ಹೇಳಿದ್ರು. ನಮ್ಮಿಂದ ಅವನ ಕೆಲಸಕ್ಕ ತ್ರಾಸ ಆಗಾಕತ್ತೈತಿ ಅಂದ್ರು. ಅಷ್ಟ ಅಂದ್ರು, ಬೇಟಾ."

ಅಂದು ಫೋನಿನಲ್ಲಿ ಢಕಢಕ ಎಂದದ್ದು ಹುಟ್ಟಿದಾಗಿನಿಂದ ಕೇಳಿದ ಕಂಪ್ರೆಸರಿನ ಸಪ್ಪಳ. ಅದರ ಪಕ್ಕದಲ್ಲಿ ಚಾಪೆ ಹಾಸಿಕೊಂಡು ಮಗ್ಗಿ ಕಲಿತಿದ್ದೆ. ಸ್ಕ್ರೂಡ್ರೈವರಿನಿಂದ ಇಂಜಿನ್ನಿನ ಹೊಟ್ಟೆಯೊಳಗಿನದನ್ನು ಕೇಳುವವರ ಮಗನಿಗೆ ಅಪ್ಪನ ಗ್ಯಾರೇಜಿನ ಗುರುತು ಸಿಗಲಿಲ್ಲ. ಆಸ್ಪತ್ರೆಯ ಹೊರಗೆ ನಿಂತು ಅತ್ತೆ. ಮನೆಗೆ ಮಾರಿ, ಊರಿಗೆ ಉಪಕಾರಿ ಎನ್ನುತ್ತಾರೆ. ನಾನು ಉಪಕಾರ ಮಾಡಿದ ಊರುಗಳಿಗೆ ಈಗ ನನ್ನ ಹೆಸರೂ ಗೊತ್ತಿಲ್ಲ.

ಅಬ್ಬಾ ಮನೆಗೆ ಬಂದರು. ಗ್ಯಾರೇಜು ಮುಚ್ಚಿದೆವು. ರೇಡಿಯೊ ಅವರ ಕಬ್ಬಿಣದ ಮಂಚದ ತಲೆದೆಸೆಗೆ ಬಂತು, ಒಂದು ಪಾನಾ ದಿಂಬಿನ ಕೆಳಗೆ. ನೀರು ಬೇಕಾದರೆ, ಮಗ್ಗುಲು ತಿರುಗಿಸಬೇಕಾದರೆ ಎಡಗೈಯಿಂದ ಅದನ್ನು ತೆಗೆದು ಮಂಚಕ್ಕೆ ಮೂರು ಸಲ ಬಡಿಯುತ್ತಿದ್ದರು. ಅಮ್ಮಿ ಎಲ್ಲಿದ್ದರೂ ಓಡಿ ಬರುತ್ತಿದ್ದರು.

ನನಗೆ ಹುಬ್ಬಳ್ಳಿಯಲ್ಲೇ ಕೆಲಸ ಸಿಕ್ಕಿತು. ದೇಶಪಾಂಡೆ ನಗರದಲ್ಲಿ ಸ್ಟುಡಿಯೊ, ಮನೆಯಿಂದ ಬೈಕಿನ ಮೇಲೆ ಕಾಲು ತಾಸು. ಸೇರಿದ ದಿನ ಅಬ್ಬಾನ ಕಿವಿಯ ಹತ್ತಿರ ಬಾಗಿ, ನಾಳೆ ಹನ್ನೊಂದಕ್ಕೆ ಹಚ್ಚಿ ಕೇಳ್ರಿ ಎಂದೆ. ಮರುದಿನ ಬೆಳಿಗ್ಗೆ ಸ್ಟುಡಿಯೊದಲ್ಲಿ ಕೂತ ಮೇಲೆಯೇ ನನಗೆ ಪೂರ್ತಿ ತಿಳಿದದ್ದು: ಹುಬ್ಬಳ್ಳಿಯ ರೇಡಿಯೊದಲ್ಲಿ ಬರುವುದು ಬೆಂಗಳೂರಿನಲ್ಲಿ ಕೂತವನ ಕಾರ್ಯಕ್ರಮ. ನಾನು ಇಲ್ಲಿ ಕೂತು ಮಾತಾಡುವುದು ಬಳ್ಳಾರಿಯವರಿಗೆ. ನನ್ನ ಧ್ವನಿ ತಂತಿಯಲ್ಲಿ ಅಲ್ಲಿಗೆ ಹೋಗಿ ಅಲ್ಲಿಯ ಗಾಳಿಗೆ ಸೇರುತ್ತದೆ. ಮೊಬೈಲಿನ ಆ್ಯಪಿನಲ್ಲಿ ಸಿಗುವುದೂ ಬೆಂಗಳೂರಿನದೇ. ಹುಬ್ಬಳ್ಳಿಯಲ್ಲಿ ಹುಟ್ಟಿ ಹುಬ್ಬಳ್ಳಿಯಲ್ಲಿ ಕೂತು ನಾನು ಬಳ್ಳಾರಿಯ ಬಿಸಿಲನ್ನು ಬೈಯಬೇಕು. ಸಂಜೆ ಮನೆಗೆ ಹೋದಾಗ ಅಮ್ಮಿ ಹೇಳಿದರು, "ಎರಡ ತಾಸು ತಿರುವ್ಯಾರ ರೇಡಿಯೊ. ನೀ ಎಲ್ಲೂ ಸಿಗಲಿಲ್ಲ."

ಮರುದಿನವೂ ತಿರುವಿದರು. ಎಡಗೈ ಅಷ್ಟು ಚುರುಕಿಲ್ಲ, ಕೂದಲೆಳೆಯಷ್ಟು ತಿರುಗಿಸಿ ನಿಲ್ಲಿಸುತ್ತಾರೆ, ಕೇಳುತ್ತಾರೆ, ಮತ್ತೆ ತಿರುಗಿಸುತ್ತಾರೆ. ಬರುವುದಿಲ್ಲ ಎಂದು ಹೇಳಿದರೂ ಹನ್ನೊಂದಕ್ಕೆ ಕೈ ಅಲ್ಲಿಗೇ ಹೋಗುತ್ತಿತ್ತು. ಅದನ್ನು ನೋಡಲಾಗದೆ ಒಂದು ದಿನದ ಕಾರ್ಯಕ್ರಮವನ್ನು ಪೆನ್‌ಡ್ರೈವಿನಲ್ಲಿ ತಂದು ಸಂಜೆ ಒಂದು ಪುಟ್ಟ ಸ್ಪೀಕರಿಗೆ ಹಚ್ಚಿದೆ. ಅಬ್ಬಾನ ಮುಖ ಅರಳಿತು. ಒಂದು ನಿಮಿಷ ಆಗಿತ್ತೋ ಇಲ್ಲವೋ, ಸ್ಪೀಕರಿನಿಂದ ನನ್ನ ಧ್ವನಿ, "ಸಮಯ ಈಗ ಹನ್ನೊಂದು ಗಂಟೆ ಹತ್ತು ನಿಮಿಷ," ಎಂದಿತು. ಗೋಡೆಯ ಗಡಿಯಾರದಲ್ಲಿ ಏಳು ಹೊಡೆಯುವುದರಲ್ಲಿತ್ತು. ಅಬ್ಬಾ ಗಡಿಯಾರ ನೋಡಿದರು, ನನ್ನನ್ನು ನೋಡಿದರು, ಗೋಡೆಯ ಕಡೆ ಹೊರಳಿದರು. ಹಳಸಿದ್ದನ್ನು ಬಡಿಸಿದ ಹಾಗಾಯಿತು ನನಗೆ. ಮೊಬೈಲಿನಿಂದ ಮನೆಗೆ ಫೋನ್ ಹಚ್ಚಿ ಕೇಳಿಸೋಣವೆಂದರೆ ಅದನ್ನು ಸ್ಟುಡಿಯೊದ ಒಳಗೆ ಒಯ್ಯುವ ಹಾಗಿಲ್ಲ, ಮೈಕಿನಲ್ಲಿ ಗುಂಯ್‌ಗುಡುತ್ತದೆ. ಉಳಿದದ್ದು ಹೋಲ್ಡು ಒಂದೇ.

ಫೋನ್ ಎತ್ತುವ ಹುಡುಗಿ ಶಿರಗುಪ್ಪಿಯಿಂದ ದಿನಾ ಬಸ್ಸಿಗೆ ಬರುತ್ತಿದ್ದಳು. ಮೈಸೂರಿನದನ್ನು ಮುಚ್ಚಿಡದೆ ಅವಳಿಗೆ ಹೇಳಿದೆ. "ಮನಿ ನಂಬರ್ ಕೊಡ್ರಿ ಸರ. ಎರಡನೇ ಲೈನ್ಯಾಗ ಇಡ್ತೇನಿ," ಎಂದಳು.

ಅಂದಿನಿಂದ ದಿನಾ ಹನ್ನೊಂದಕ್ಕೆ ಅಮ್ಮಿ ಫೋನ್ ಹಚ್ಚಿ ದಿಂಬಿನ ಮೇಲೆ ಇಡುತ್ತಿದ್ದರು. ನನ್ನ ಮುಂದಿನ ಪೆಟ್ಟಿಗೆಯಲ್ಲಿ ಎರಡನೇ ಲೈನಿನ ಹಳದಿ ದೀಪ ಹತ್ತುತ್ತಿತ್ತು, ಮಧ್ಯಾಹ್ನ ಒಂದಕ್ಕೆ ಕಾರ್ಯಕ್ರಮ ಮುಗಿಯುವವರೆಗೆ ಆರುತ್ತಿರಲಿಲ್ಲ. ಐದೂವರೆ ವಾರ. ಇಷ್ಟು ವರ್ಷಗಳಲ್ಲಿ ನಾನು ಅಷ್ಟು ಚೆನ್ನಾಗಿ ಮಾತಾಡಿದ್ದಿಲ್ಲ. ಸಂಜೆ ಮಂಚದ ಪಕ್ಕ ಕೂತರೆ, ಒಳ್ಳೆಯ ದಿನವಾಗಿದ್ದರೆ ಅಬ್ಬಾ ನನ್ನ ಮಣಿಕಟ್ಟು ಹಿಡಿಯುತ್ತಿದ್ದರು. ಎಲ್ಲಾದರೂ ಸುಳ್ಳು ನಗು ನಕ್ಕಿದ್ದರೆ ಸರಿಯಿದ್ದ ಅರ್ಧ ತುಟಿಯನ್ನು ಸೊಟ್ಟ ಮಾಡುತ್ತಿದ್ದರು. ನಲವತ್ತೆರಡನೆಯ ವಯಸ್ಸಿನಲ್ಲಿ ಬೈಸಿಕೊಳ್ಳುವುದು ಅಷ್ಟು ಸುಖ ಎಂದು ಗೊತ್ತಿರಲಿಲ್ಲ.

ಆಮೇಲೆ ಮ್ಯಾನೇಜರರು ಕರೆದರು. ಕೈಯಲ್ಲಿ ಕರೆಗಳ ಪಟ್ಟಿ.

"ಬಳ್ಳಾರಿ ಕಾರ್ಯಕ್ರಮಕ್ಕೆ ದಿನಾ ಎರಡು ತಾಸು ಹುಬ್ಬಳ್ಳಿಯ ಒಂದೇ ನಂಬರು. ಯಾರದು?"

ಹೇಳಿದೆ. ಅವರು ಕೆಟ್ಟ ಮನುಷ್ಯರಲ್ಲ. ಪಟ್ಟಿಯನ್ನು ಮಡಚಿ ಮೇಜಿನ ಮೇಲೆ ಇಟ್ಟರು.

"ನಮಗಿರುವುದೇ ಎರಡು ಲೈನು. ಬಳ್ಳಾರಿಯನ್ನೂ ಬೆಂಗಳೂರಿನಿಂದಲೇ ಮಾಡುತ್ತೇವೆ ಎಂದು ಮೇಲಿನವರು ವಾರಕ್ಕೊಮ್ಮೆ ಹೇಳುತ್ತಿದ್ದಾರೆ. ಕರೆ ಬರುತ್ತವೆ ಎಂದು ತೋರಿಸಿ ನಾನು ತಡೆದಿದ್ದೇನೆ. ನಾಳೆಯಿಂದ ಎರಡೂ ಲೈನು ಬಳ್ಳಾರಿಗೆ ಇರಬೇಕು. ಇಲ್ಲದಿದ್ದರೆ ಕಾರ್ಯಕ್ರಮವೂ ಇರುವುದಿಲ್ಲ, ನೀವೂ ಇರುವುದಿಲ್ಲ."

ಅವತ್ತು ಮಾತ್ರ ಸಿಟ್ಟು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು. ಅತ್ತ ದರಿ ಇತ್ತ ಪುಲಿ ಎಂದು ಸಾಲೆಯಲ್ಲಿ ಗಾದೆ ಬರೆಸುತ್ತಿದ್ದರು. ಎರಡೂ ಕಡೆ ದರಿಯೇ ಇದ್ದರೆ ಏನೆನ್ನಬೇಕು? ಲೈನು ಬಿಡಿಸಿದರೆ ಕಾರ್ಯಕ್ರಮ ಉಳಿಯುತ್ತದೆ, ಅಬ್ಬಾಗೆ ಕೇಳುವುದಿಲ್ಲ. ಬಿಡಿಸದಿದ್ದರೆ ಕಾರ್ಯಕ್ರಮ ಹೋಗುತ್ತದೆ, ಅಬ್ಬಾಗೆ ಕೇಳುವುದಿಲ್ಲ. ಅವತ್ತು ಮಧ್ಯಾಹ್ನ ಗೊತ್ತಿದ್ದ ಮೂರು ಕಡೆ ಫೋನ್ ಮಾಡಿದೆ, ಏನಾದರೂ ಕೊಡಿ, ಯಾವ ಹೊತ್ತಿಗಾದರೂ ಕೊಡಿ, ನಮ್ಮೂರಿನ ಗಾಳಿಯಲ್ಲಿ ಕೊಡಿ ಎಂದು ಅಂಗಲಾಚಿದೆ. ಒಬ್ಬನು, ನಾನೇ ಮೈಕ್ ಹಿಡಿಯಲು ಕಲಿಸಿದವನು, "ಅಣ್ಣಾರ, ಈಗ ಹುಡುಗರ ಧ್ವನಿ ಬೇಕಂತಾರ," ಎಂದ.

ಸಂಜೆ ಮಂಚದ ಪಕ್ಕ ಕೂತೆ. ಅಬ್ಬಾ ಮಣಿಕಟ್ಟು ಹಿಡಿದರು. ಹೇಳಲಾಗಲಿಲ್ಲ. ಅಡುಗೆಮನೆಗೆ ಹೋಗಿ ಅಮ್ಮಿಗೆ ಎಲ್ಲ ಹೇಳಿ, ನಾಳೆ ಫೋನ್ ಹಚ್ಚಬೇಡಿ, ಏನಾದರೂ ನೆವ ಹೇಳಿ ಎಂದೆ. ಅಮ್ಮಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ನಾ ಹಚ್ಚಾಕಿನ. ಒಮ್ಮೆ ನೀನ ಕಡದಿ, ಈ ಸಲಾನೂ ನೀನ ಹೇಳು," ಎಂದರು. ಅಷ್ಟೂ ವರ್ಷಗಳಲ್ಲಿ ಅಮ್ಮಿ ಅದರ ಬಗ್ಗೆ ಆಡಿದ ಬಿರುಸು ಮಾತು ಅದೊಂದೇ.

ಮರುದಿನ ಹನ್ನೊಂದಕ್ಕೆ ಎರಡನೇ ಲೈನಿನ ದೀಪ ಹತ್ತಿತು. ಗಾಜಿನಾಚೆಯಿಂದ ಶಿರಗುಪ್ಪಿಯ ಹುಡುಗಿ ನನ್ನನ್ನೇ ನೋಡಿದಳು. ನಾನು ತಲೆ ತಗ್ಗಿಸಿ ಬಳ್ಳಾರಿಯ ಬಿಸಿಲಿನ ಬಗ್ಗೆ ಮಾತಾಡಿದೆ. ಹನ್ನೊಂದೂವರೆಗೆ ಬಾಗಿಲು ತೆರೆದು ಮ್ಯಾನೇಜರರು ಒಳಗೆ ಬಂದು ನನ್ನ ಹಿಂದೆ ನಿಂತರು. ದೀಪ ನೋಡುತ್ತ ನಿಂತರು. ನಾನು ಹಾಡು ಹಾಕಿದೆ. ನಾಲ್ಕು ನಿಮಿಷದ ಹಾಡು. ಮೈಕು ಆರಿಸಿ ಫೋನ್ ಎತ್ತಿದೆ.

"ಅಬ್ಬಾ, ನಾನ."

ಈ ಸಲ ಎಲ್ಲ ಗುರುತು ಸಿಕ್ಕಿತು. ಕಿರ್ ಎನ್ನುವ ಫ್ಯಾನು. ಹಿತ್ತಲಲ್ಲಿ ಅಮ್ಮಿ ಬಟ್ಟೆ ಜಾಲಿಸುವುದು. ಒಂದು ಕಡೆಯಿಂದಷ್ಟೇ ಬರುವ ಅಬ್ಬಾನ ಉಸಿರು.

"ಅವತ್ತ ಮೈಸೂರಿನ್ಯಾಗ ಬೈದಾಂವ ನಾನ ಅಬ್ಬಾ. ನನಗ ಗುರ್ತು ಸಿಗಲಿಲ್ಲ. ಇವತ್ತಿನತನಕಾ ಹೇಳಾಕ ಬಾಯಿ ಬರಲಿಲ್ಲ." ಹಿಂದೆ ಮ್ಯಾನೇಜರರು ನಿಂತಿದ್ದಾರೆ ಎಂಬುದೂ ಮರೆಯಿತು. "ಈಗೂ ನಿಮಗ ಬೈಯಾಕ ಫೋನ್ ಎತ್ತಿಲ್ರಿ. ಈ ಲೈನು ಅವ್ರಿಗೆ..."

ಹತ್ತೊಂಬತ್ತು ವರ್ಷ ಮಾತಾಡಿ ಅನ್ನ ತಿಂದವನಿಗೆ ನಾಲ್ಕು ಶಬ್ದ ಹೊರಡಲಿಲ್ಲ. ಆ ಕಡೆ ದಿಂಬು ಸರಿದ ಸಪ್ಪಳವಾಯಿತು. ಅಬ್ಬಾ ಪಾನಾ ತೆಗೆಯುತ್ತಿದ್ದಾರೆ, ಅಮ್ಮಿಯನ್ನು ಕರೆಯುತ್ತಾರೆ ಎಂದುಕೊಂಡೆ. ಮೂರು ಸಲ ಬಡಿಯುವುದನ್ನೇ ಕಾದೆ.

ಟಕ್, ಟಕ್.

ಮೆಲ್ಲಗೆ, ಎರಡೇ ಸಲ. ಆಮೇಲೆ ಫೋನ್ ಕಟ್ಟಾಯಿತು. ಅಮ್ಮಿ ಹಿತ್ತಲಲ್ಲಿದ್ದರು, ಗುಂಡಿ ಒತ್ತಿದ್ದು ಅಬ್ಬಾನೇ.

ಎರಡನೇ ಲೈನಿನ ದೀಪ ಆರಿತು. ಮ್ಯಾನೇಜರರು ನನ್ನ ಭುಜ ಮುಟ್ಟಿ ಹೊರಗೆ ಹೋದರು. ಹಾಡು ಮುಗಿಯಿತು, ಮೈಕು ಹತ್ತಿಸಿದೆ. ಸಮಯ ಹನ್ನೊಂದು ಗಂಟೆ ಮೂವತ್ತಾರು ನಿಮಿಷ ಎಂದು ಬಳ್ಳಾರಿಗೆ ಹೇಳಿದೆ. ಎರಡೂ ಲೈನು ಖಾಲಿ ಇವೆ, ಫೋನ್ ಮಾಡಿ, ನಿಮ್ಮ ಮೆಚ್ಚಿನ ಹಾಡು ಕೇಳಿ ಎಂದೆ. ಹೇಳಿ ನಕ್ಕೆ. ಆ ನಗು ಖರೇ ಇರಲಿಲ್ಲ, ಹಾಗೆಂದು ಹೇಳುವವರು ಕೇಳುತ್ತಿರಲಿಲ್ಲ. ಮಧ್ಯಾಹ್ನ ಒಂದರವರೆಗೂ ಆ ಲೈನಿಗೆ ಒಂದೂ ಕರೆ ಬರಲಿಲ್ಲ.